ಪುಟ್ಟ ಮಕ್ಕಳೊಡನೆ ಹೊರಟಿರುವಾಗ ವಿಮಾನದ ವೇಳಾಪಟ್ಟಿ ಬದಲಾದರೆ ಏನು ಮಾಡಬೇಕು?

ಡಿಸೆಂಬರಿನಲ್ಲಿ ಷಿಕಾಗೊದಿಂದ ಫ್ರಾಂಕ್‌ಫರ್ಟ್ ಮಾರ್ಗವಾಗಿ ಬೆಂಗಳೂರಿಗೆ, ಅಲ್ಲಿಂದ ಬೇರೆ ಟಿಕೆಟ್ಟಿನಲ್ಲಿ ಮಂಗಳೂರಿಗೆ ಹೊರಟಿದ್ದೀರಿ. ಜೊತೆಗೆ ಮೂರೂವರೆ ವರ್ಷದ ಮಗಳೂ ಮಡಿಲಲ್ಲಿ ಕೂರಿಸಿಕೊಳ್ಳಬೇಕಾದ ಹತ್ತು ತಿಂಗಳ ಮಗನೂ ಇದ್ದಾರೆ. ಯೂರೋಪಿನ ವಿಮಾನ ಸಂಸ್ಥೆಯಿಂದ ಈಗ ಬಂದಿರುವ ಇಮೇಲ್ ಪ್ರಕಾರ ಫ್ರಾಂಕ್‌ಫರ್ಟಿನಿಂದ ಬೆಂಗಳೂರಿಗೆ ಹೊರಡುವ ವಿಮಾನ ಎರಡೂವರೆ ಗಂಟೆಗೂ ಹೆಚ್ಚು ಮುಂಚಿತವಾಗಿ, ಮೂರೂವರೆ ಗಂಟೆಯಿದ್ದ ನಡುವಿನ ಬಿಡುವು 55 ನಿಮಿಷಕ್ಕೆ ಇಳಿದಿದೆ. ಮರಳುವ ವಿಮಾನ ಒಂದು ದಿನ ಮುಂದಕ್ಕೆ ಹೋಗಿದೆ. ಕೆಳಗೆ 'ಒಪ್ಪಿಗೆ' ಎಂಬ ಗುಂಡಿಯಿದೆ. ಅದನ್ನು ಒತ್ತಬೇಕೋ, ಟಿಕೆಟ್ಟನ್ನೇ ರದ್ದು ಮಾಡಬೇಕೋ ಎಂದು ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ಆ ಇಮೇಲ್ ಕೇವಲ ಸೂಚನೆಯಲ್ಲ, ನಿಮ್ಮ ಮುಂದಿಟ್ಟಿರುವ ಒಂದು ಪ್ರಸ್ತಾಪ. ಒಪ್ಪುವವರೆಗೆ ಮಾತು ನಿಮ್ಮ ಕೈಯಲ್ಲಿರುತ್ತದೆ, ಒಪ್ಪಿದ ಮೇಲೆ ಅದೇ ಬದಲಾವಣೆಯನ್ನು ತಿದ್ದಿಸಿಕೊಳ್ಳಲು ಶುಲ್ಕ ಕೇಳುವ ಹಕ್ಕು ಅವರಿಗೆ ಬರುತ್ತದೆ. ನಾನೂ ಅಮೆರಿಕದಿಂದ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಹೋಗಿಬರುವವಳಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಇದು ಏಕೆ ಹೀಗಾಗುತ್ತದೆ ಎಂಬುದು ತಿಳಿದಿದ್ದರೆ ಮುಂದಿನ ತೀರ್ಮಾನಗಳು ಸುಲಭವಾಗುತ್ತವೆ. ಸಂಸ್ಥೆಗಳು ಸುಮಾರು ಹನ್ನೊಂದು ತಿಂಗಳು ಮೊದಲೇ ಟಿಕೆಟ್ ಮಾರುತ್ತವೆ, ಆದರೆ ವಿಮಾನಯಾನದ ವೇಳಾಪಟ್ಟಿ ವರ್ಷಕ್ಕೆ ಎರಡು ಭಾಗಗಳಾಗಿ ನಡೆಯುತ್ತದೆ: ಮಾರ್ಚ್ ತಿಂಗಳ ಕೊನೆಯ ಭಾನುವಾರದಿಂದ ಬೇಸಿಗೆಯದು, ಅಕ್ಟೋಬರ್ ತಿಂಗಳ ಕೊನೆಯ ಭಾನುವಾರದಿಂದ ಚಳಿಗಾಲದ್ದು. ದಟ್ಟಣೆಯ ನಿಲ್ದಾಣಗಳಲ್ಲಿ ಯಾವ ವಿಮಾನಕ್ಕೆ ಯಾವ ಹೊತ್ತು ಸಿಗುತ್ತದೆಂಬುದು ಆಯಾ ಭಾಗ ಆರಂಭವಾಗುವ ಕೆಲವು ತಿಂಗಳ ಮುಂಚೆಯಷ್ಟೇ ನಿಶ್ಚಯವಾಗುವುದರಿಂದ, ಫೆಬ್ರುವರಿಯಲ್ಲಿ ನೀವು ಕೊಂಡ ಡಿಸೆಂಬರಿನ ಟಿಕೆಟ್ಟಿನ ಮೇಲಿದ್ದ ವೇಳೆ ಬಹುಮಟ್ಟಿಗೆ ಒಂದು ಅಂದಾಜು. ಇದರ ಮೇಲೆ ವಾಯುಪ್ರದೇಶಗಳ ಮುಚ್ಚುವಿಕೆ ಬೇರೆ ಸೇರಿಕೊಳ್ಳುತ್ತದೆ; 2022ರಿಂದ ಯೂರೋಪಿನ ಸಂಸ್ಥೆಗಳಿಗೆ ರಷ್ಯಾದ ಆಕಾಶವಿಲ್ಲ, 2025ರ ಏಪ್ರಿಲ್ ಕೊನೆಯಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು. ಹೊರಡುವ ಮೊದಲು ಇನ್ನೊಂದು ಬದಲಾವಣೆ ಬರಬಹುದೆಂದು ಎಣಿಸಿಯೇ ನಡೆಯುವುದು ಒಳ್ಳೆಯದು.

ಈಗ ಆ 55 ನಿಮಿಷದ ವಿಚಾರ. ಇದನ್ನು ಯಾವ ಮನುಷ್ಯನೂ ಕೂತು ಆರಿಸಿದ್ದಲ್ಲ. ಪ್ರತಿ ನಿಲ್ದಾಣಕ್ಕೂ ಕನಿಷ್ಠ ಸಂಪರ್ಕಾವಧಿ ಎಂಬುದೊಂದಿರುತ್ತದೆ, ಹೊಸ ಬಿಡುವು ಅದಕ್ಕಿಂತ ಹೆಚ್ಚಿದ್ದರೆ ಗಣಕವು ಎಲ್ಲವೂ ಸರಿಯಿದೆಯೆಂದು ತಿಳಿದು ಟಿಕೆಟ್ಟನ್ನು ಹಾಗೆಯೇ ಉಳಿಸುತ್ತದೆ. ಒಂದು ಕೈಚೀಲ ಹಿಡಿದು ಓಡಬಲ್ಲ ಒಬ್ಬಂಟಿ ಪ್ರಯಾಣಿಕನಿಗೆ ಆ ಲೆಕ್ಕ ಸಾಕು. ನಿಮ್ಮ ಲೆಕ್ಕ ಬೇರೆ. ವಿಮಾನ ಬಂದು ನಿಂತ ಗಳಿಗೆಯಿಂದ 55 ನಿಮಿಷ ಎಣಿಸಬೇಕು. ಹಿಂದಿನ ಸಾಲುಗಳಿಂದ, ನಿದ್ದೆಗಣ್ಣಿನ ಮಗಳಿಗೆ ಚಪ್ಪಲಿ ಹಾಕಿಸಿ, ಸೀಟಿನಡಿ ಬಿದ್ದ ಹಾಲಿನ ಬಾಟಲಿ ಹುಡುಕಿ ಹೊರಬರುವಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದಿರುತ್ತದೆ. ಮುಂದಿನ ವಿಮಾನದ ಗೇಟು ಹೊರಡುವ ವೇಳೆಗಿಂತ ಸುಮಾರು ಹದಿನೈದು ನಿಮಿಷ ಮೊದಲೇ ಮುಚ್ಚುತ್ತದೆ. ಉಳಿಯುವ ಇಪ್ಪತ್ತು ನಿಮಿಷದಲ್ಲಿ ಡಯಾಪರ್ ಬದಲಿಸಬೇಕು, ಮಗಳನ್ನು ಶೌಚಕ್ಕೆ ಕರೆದೊಯ್ಯಬೇಕು, ಫ್ರಾಂಕ್‌ಫರ್ಟಿನಂಥ ವಿಸ್ತಾರವಾದ ನಿಲ್ದಾಣದ ಒಂದು ಭಾಗದಿಂದ ಇನ್ನೊಂದಕ್ಕೆ ನಡೆಯಬೇಕು. ವಿಮಾನವನ್ನು ಕಟ್ಟಡಕ್ಕೆ ತಾಗಿಸದೆ ಬಯಲಿನಲ್ಲಿ ನಿಲ್ಲಿಸಿ ಬಸ್ಸಿನಲ್ಲಿ ಕರೆತಂದರಂತೂ ಈ ಲೆಕ್ಕವೂ ಇಲ್ಲ. ಸ್ಟ್ರೋಲರನ್ನು ಗೇಟಿನಲ್ಲಿ ಒಪ್ಪಿಸಿದ್ದರೆ ಅದು ನಡುವಿನ ನಿಲ್ದಾಣದಲ್ಲಿ ಕೈಗೆ ಸಿಗುತ್ತದೆಂಬ ಖಾತರಿಯೂ ಇಲ್ಲ, ಆದ್ದರಿಂದ ಮಗನನ್ನು ಎದೆಗೆ ಕಟ್ಟಿಕೊಳ್ಳುವ ಬಟ್ಟೆಯ ಚೀಲವೊಂದು ಕೈಸಾಮಾನಿನಲ್ಲಿ ಇರಲೇಬೇಕು.

ಎರಡು ಗಂಟೆಗಿಂತ ಕಡಿಮೆ ಬಿಡುವನ್ನು ಮಕ್ಕಳೊಂದಿಗೆ ನಾನು ಒಪ್ಪುವುದಿಲ್ಲ. ಮೂರು ಗಂಟೆಯಿದ್ದರೆ ನೆಮ್ಮದಿ. ಮರಳುವಾಗ ಇನ್ನೂ ಒಂದು ತೊಡಕಿದೆ, ಭಾರತದಿಂದ ಬಂದವರು ಯೂರೋಪಿನಲ್ಲಿ ವಿಮಾನ ಬದಲಿಸುವಾಗ ಭದ್ರತಾ ತಪಾಸಣೆಯ ಸಾಲಿನಲ್ಲಿ ಮತ್ತೆ ನಿಲ್ಲಬೇಕಾಗುತ್ತದೆ. ಅತ್ತ ಎಂಟೊಂಬತ್ತು ಗಂಟೆಯ ಬಿಡುವು ಸಿಕ್ಕರೆ ಹೆದರಬೇಡಿ. ಯೂರೋಪಿನಲ್ಲಿ, ಅಲ್ಲಿನ ಬಹುತೇಕ ದೇಶಗಳಿಗೆ ಸಲ್ಲುವ ಷೆಂಗೆನ್ ವೀಸಾ ಇಲ್ಲದ ಭಾರತದ ಪಾಸ್‌ಪೋರ್ಟಿನವರು ನಿಲ್ದಾಣದಿಂದ ಹೊರಗೆ ಹೋಗಲಾಗದು ಎಂಬುದು ನಿಜವಾದರೂ, ದೋಹಾ, ದುಬೈಯಂಥ ಬೇರೆ ಮಾರ್ಗದ ದೊಡ್ಡ ನಿಲ್ದಾಣಗಳಲ್ಲಿ ವಲಸೆ ತಪಾಸಣೆಯನ್ನು ದಾಟದೆಯೇ ಗಂಟೆಗಳ ಲೆಕ್ಕದಲ್ಲಿ ಕೋಣೆ ಕೊಡುವ ಹೋಟೆಲುಗಳಿವೆ. ದುಬಾರಿಯೇ ಹೌದು. ಆದರೂ ಮಕ್ಕಳು ಹಾಸಿಗೆಯ ಮೇಲೆ ಕಾಲು ಚಾಚಿ ಮಲಗಿದ ನಾಲ್ಕು ಗಂಟೆಗೆ ನಾನು ಆ ಬೆಲೆಯನ್ನು ಕೊಡುತ್ತೇನೆ.

ಇನ್ನು ನಿಮ್ಮ ಹಕ್ಕುಗಳು. ಅಮೆರಿಕದ ಸಾರಿಗೆ ಇಲಾಖೆ 2024ರಲ್ಲಿ ಹೊರಡಿಸಿದ ನಿಯಮದ ಪ್ರಕಾರ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಹೊರಡುವ ವೇಳೆ 6 ಗಂಟೆ ಮುಂಚಿತವಾದರೆ ಅಥವಾ ತಲುಪುವ ವೇಳೆ 6 ಗಂಟೆ ತಡವಾದರೆ, ವಿಮಾನ ಬದಲಿಸುವ ನಿಲ್ದಾಣಗಳ ಸಂಖ್ಯೆ ಹೆಚ್ಚಿದರೆ, ಅಥವಾ ಹೊರಡುವ ಇಲ್ಲವೇ ತಲುಪುವ ನಿಲ್ದಾಣವೇ ಬದಲಾದರೆ ಅದು ಗಣನೀಯ ಬದಲಾವಣೆ. ಹೊಸ ಏರ್ಪಾಡನ್ನು ನಿರಾಕರಿಸಿದವರಿಗೆ ಪೂರ್ತಿ ಹಣ ಮರಳಬೇಕು, ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದರೆ ಕೆಲಸದ 7 ದಿನಗಳೊಳಗೆ. 55 ನಿಮಿಷದ ಬಿಡುವು ಈ ವ್ಯಾಖ್ಯೆಯೊಳಗೆ ಬರುವುದಿಲ್ಲ, ಆದರೆ ಮರಳುವ ವಿಮಾನ ಒಂದು ದಿನ ಮುಂದಕ್ಕೆ ಹೋಗಿರುವುದು ಬರುತ್ತದೆ. ಎರಡೂ ಒಂದೇ ಟಿಕೆಟ್ಟಿನಲ್ಲಿರುವುದರಿಂದ ಒಂದರ ಬಲದಿಂದ ಇನ್ನೊಂದನ್ನೂ ಸರಿಪಡಿಸಿಕೊಳ್ಳುವ ಅವಕಾಶ ನಿಮಗಿದೆ. ಯೂರೋಪಿಯನ್ ಒಕ್ಕೂಟದ 261/2004ನೇ ನಿಯಮವನ್ನು ಮಾತ್ರ ನೆಚ್ಚಿಕೊಳ್ಳಬೇಡಿ: ಷಿಕಾಗೊದಿಂದ ಬೆಂಗಳೂರಿಗೆ ಒಂದೇ ಟಿಕೆಟ್ಟಿನಲ್ಲಿ ಹೋಗುವವರು ಯೂರೋಪಿನಲ್ಲಿ ಬರೀ ವಿಮಾನ ಬದಲಿಸುವುದರಿಂದ, ಸಂಸ್ಥೆ ಅಲ್ಲಿನದಾದರೂ ಅದು ಅನ್ವಯಿಸುವುದಿಲ್ಲ.   

ಹಣ ವಾಪಸು ಎಂಬ ಮಾತು ಕೇಳಲು ಹಿತವಾಗಿದ್ದರೂ ಡಿಸೆಂಬರಿನ ಪ್ರಯಾಣಕ್ಕೆ ಅದು ಹಲವೊಮ್ಮೆ ಬಲೆ. ನಿಮಗೆ ಮರಳುವುದು ಫೆಬ್ರುವರಿಯ ಬೆಲೆ, ಕೊಳ್ಳಬೇಕಾದದ್ದು ಇಂದಿನ ಬೆಲೆಗೆ. ಕ್ರಿಸ್‌ಮಸ್ ರಜೆಯ ದಿನಗಳಲ್ಲಿ ಈ ಎರಡರ ಅಂತರ ಇಡೀ ಒಂದು ಸೀಟಿನ ದರದಷ್ಟಾಗಬಹುದು. ಆದ್ದರಿಂದ ಹಣ ಕೇಳುವ ಮೊದಲು ಇಂದಿನ ದರವನ್ನು ನೋಡಿಕೊಳ್ಳಿ, ಆಮೇಲೆ ವಿಮಾನವನ್ನೇ ಕೇಳಿ. ಕೇಳುವ ರೀತಿಯಲ್ಲೂ ಒಂದು ಕ್ರಮವಿದೆ. ನಿಮಗೆ ತೊಂದರೆಯಾಗಿದೆ ಎಂದಷ್ಟೇ ಹೇಳಿದರೆ ಏಜೆಂಟರಿಗೆ ಮಾಡಲು ಏನೂ ಇರುವುದಿಲ್ಲ. ಅದೇ ಸಂಸ್ಥೆಯ ಅಥವಾ ಅದರ ಪಾಲುದಾರರ ಯಾವ ದಿನದ ಯಾವ ವಿಮಾನದಲ್ಲಿ ಸ್ಥಳವಿದೆ ಎಂಬುದನ್ನು ನೀವೇ ಹುಡುಕಿ, ವಿಮಾನದ ಸಂಖ್ಯೆಗಳನ್ನು ಬರೆದಿಟ್ಟುಕೊಂಡು, ಮಡಿಲ ಮಗುವಿರುವುದನ್ನು ಮೊದಲ ವಾಕ್ಯದಲ್ಲೇ ಹೇಳಿ, ಇಂಥ ವಿಮಾನಕ್ಕೆ ಬದಲಿಸಿ ಎಂದು ಕೇಳಿದರೆ ಕೆಲಸ ಬೇಗ ಆಗುತ್ತದೆ. ಒಬ್ಬರು ಆಗದೆಂದರೆ ವಾದಕ್ಕೆ ನಿಲ್ಲದೆ ಫೋನಿಟ್ಟು ಇನ್ನೊಮ್ಮೆ ಕರೆ ಮಾಡಿ. ಅದೇ ನಿಯಮವನ್ನು ಇನ್ನೊಬ್ಬರು ಬೇರೆಯಾಗಿ ಓದುವುದು ಅಪರೂಪವಲ್ಲ. ಟ್ರಾವೆಲ್ ಏಜೆನ್ಸಿಯ ಮೂಲಕ ಕೊಂಡಿದ್ದರೆ ಸಂಸ್ಥೆಯವರು ಅವರತ್ತ, ಅವರು ಸಂಸ್ಥೆಯತ್ತ ಬೆರಳು ತೋರಿಸುವುದು ಸಾಮಾನ್ಯ. ನೂರಿನ್ನೂರು ಡಾಲರ್ ಉಳಿಯುತ್ತದೆಂದು ಮಕ್ಕಳಿರುವ ಟಿಕೆಟ್ಟನ್ನು ಮಧ್ಯವರ್ತಿಗಳಿಂದ ಕೊಳ್ಳಬಾರದೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಬದಲಾಯಿಸಿಕೊಡುತ್ತೇವೆಂದು ಅವರು ಸೂಚಿಸುವ ಹೊಸ ಮಾರ್ಗವನ್ನು ಪಾಸ್‌ಪೋರ್ಟ್ ಮುಂದಿಟ್ಟುಕೊಂಡು ಪರೀಕ್ಷಿಸಿ. ಅಮೆರಿಕದಲ್ಲಿ ಹುಟ್ಟಿದ ಮಕ್ಕಳಿಗೆ ಅಡ್ಡಿಯಾಗದ ಮಾರ್ಗವೊಂದು ಎಚ್1ಬಿ ಎಂಬ ಉದ್ಯೋಗ ವೀಸಾದಲ್ಲಿರುವ ತಂದೆತಾಯಿಗೆ ಅಡ್ಡಿಯಾಗಬಹುದು. ಟೊರಾಂಟೊ ಅಥವಾ ವ್ಯಾಂಕೂವರ್ ಮೂಲಕ ಕಳಿಸುತ್ತೇವೆಂದರೆ, ಭಾರತದ ಪಾಸ್‌ಪೋರ್ಟಿನವರಿಗೆ ಬರೀ ವಿಮಾನ ಬದಲಿಸಲೂ ಕೆನಡಾದ ಟ್ರಾನ್ಸಿಟ್ ವೀಸಾ ಬೇಕು. ಏಜೆಂಟರು ಇದನ್ನು ಹೇಳುವುದಿಲ್ಲ, ಚೆಕ್-ಇನ್ ಕೌಂಟರಿನಲ್ಲಿ ತಿಳಿಯುತ್ತದೆ.

ಹೊಸ ಟಿಕೆಟ್ ಬಂತೆಂದು ಅಲ್ಲಿಗೇ ಬಿಡಬೇಡಿ, ಮಕ್ಕಳಿರುವವರಿಗೆ ಹೆಚ್ಚಿನ ತಾಪತ್ರಯ ಬರುವುದು ಇಲ್ಲಿಂದ ಮುಂದೆ. ಮಡಿಲ ಮಗುವಿಗೂ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಪ್ರತ್ಯೇಕ ಟಿಕೆಟ್ ಇರುತ್ತದೆ, ಸಾಮಾನ್ಯವಾಗಿ ದೊಡ್ಡವರ ದರದ ಹತ್ತನೇ ಒಂದು ಭಾಗಕ್ಕೆ. ದೊಡ್ಡವರ ಟಿಕೆಟ್ಟನ್ನು ಹೊಸದಾಗಿ ಮಾಡುವಾಗ ಮಗುವಿನದು ಹಳೆಯ ವಿಮಾನದಲ್ಲೇ ಉಳಿದುಬಿಡುವುದುಂಟು. ನಾಲ್ವರಿಗೂ 13 ಅಂಕಿಗಳ ಟಿಕೆಟ್ ಸಂಖ್ಯೆ ಬಂದಿದೆಯೇ, ಅವು ಹೊಸ ವಿಮಾನಗಳಿಗೇ ಸೇರಿದವೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ವಿಮಾನದ ಮಾದರಿ ಬದಲಾದರೆ ಬ್ಯಾಸಿನೆಟ್, ಅಂದರೆ ಮಗುವನ್ನು ಮಲಗಿಸುವ ಪುಟ್ಟ ತೊಟ್ಟಿಲು, ಸಿಗುವ ಮುಂದಿನ ಸಾಲಿನ ಜಾಗವೂ ಹೋಗಿರುತ್ತದೆ. ಒಂದು ವಿಮಾನದಲ್ಲಿ ಅಂಥ ಜಾಗಗಳು ಬೆರಳೆಣಿಕೆಯಷ್ಟೇ ಇರುವುದರಿಂದ ಅದೇ ಕರೆಯಲ್ಲೇ ಅದನ್ನೂ ಕೇಳಿ, ಜೊತೆಗೆ ಅದು ಎಷ್ಟು ಕಿಲೋ ತೂಕದವರೆಗೆ ತಾಳುತ್ತದೆಂದೂ ವಿಚಾರಿಸಿ. ಡಿಸೆಂಬರಿನ ಹೊತ್ತಿಗೆ ನಿಮ್ಮ ಮಗ ಈಗಿರುವಷ್ಟೇ ತೂಕವಿರುವುದಿಲ್ಲ. ಹಣ ಕೊಟ್ಟು ಆರಿಸಿದ್ದ ಸೀಟುಗಳು ಚದುರಿಹೋಗಿದ್ದರೆ ಮತ್ತೆ ಸೇರಿಸಿಕೊಡುವಂತೆ, ಇಲ್ಲವೇ ಆ ಹಣ ಮರಳಿಸುವಂತೆ ಹೇಳಿ. ಮಕ್ಕಳ ಊಟದ ಕೋರಿಕೆಯನ್ನೂ ಹೊಸದಾಗಿಯೇ ಕೊಡಬೇಕು. ನಿಮ್ಮ ಮಗನಿಗೆ ಇನ್ನೂ ವಯಸ್ಸಾಗಿಲ್ಲ, ಆದರೆ ಎರಡು ವರ್ಷ ತುಂಬುವ ಅಂಚಿನಲ್ಲಿರುವ ಮಗುವಿದ್ದವರು ಗಮನಿಸಬೇಕು: ಮರಳುವ ದಿನ ಮುಂದಕ್ಕೆ ಹೋಗಿ ಹುಟ್ಟುಹಬ್ಬ ದಾಟಿದರೆ ಮಗುವಿಗೆ ಬೇರೆ ಸೀಟು ಬೇಕಾಗುತ್ತದೆ. ಬದಲಾವಣೆ ಸಂಸ್ಥೆಯದ್ದಾದ್ದರಿಂದ ಹೆಚ್ಚುವರಿ ದರ ಬಿಡಬೇಕೆಂದು ಆಗ ಧೈರ್ಯವಾಗಿ ಕೇಳಬಹುದು.

ನನಗೆ ಎಲ್ಲಕ್ಕಿಂತ ದುರ್ಬಲವಾಗಿ ಕಾಣುವುದು ನಿಮ್ಮ ಮಂಗಳೂರಿನ ಟಿಕೆಟ್. ಅದು ಪ್ರತ್ಯೇಕವಾದ್ದರಿಂದ ಬೆಂಗಳೂರಿಗೆ ಎಷ್ಟು ತಡವಾಗಿ ಬಂದಿಳಿದರೂ ಆ ಸಂಸ್ಥೆಗೆ ಸಂಬಂಧವಿಲ್ಲ. ಯೂರೋಪಿನ ವಿಮಾನಗಳು ಬಹುತೇಕ ನಡುರಾತ್ರಿಯ ಆಸುಪಾಸಿನಲ್ಲಿ ಬೆಂಗಳೂರಿಗೆ ಬರುತ್ತವೆ; ವಲಸೆ ತಪಾಸಣೆ, ಸಾಮಾನು, ಮತ್ತೆ ಚೆಕ್-ಇನ್, ಇವೆಲ್ಲ ಮುಗಿಸಿ ಮುಂಜಾನೆಯ ವಿಮಾನ ಹಿಡಿಯುವುದು ಕಾಗದದ ಮೇಲೆ ಮಾತ್ರ ಸುಲಭ. ಸಾಧ್ಯವಾದರೆ ಮಂಗಳೂರಿನವರೆಗೆ ಒಂದೇ ಟಿಕೆಟ್ ಮಾಡಿಸಿ. ಆಗದಿದ್ದರೆ ದೇವನಹಳ್ಳಿಯ ಸುತ್ತಮುತ್ತ ಎಲ್ಲಾದರೂ ಒಂದು ರಾತ್ರಿ ತಂಗಿ, ಮರುದಿನ ಮಧ್ಯಾಹ್ನದ ವಿಮಾನಕ್ಕೆ ಬದಲಿಸಿಕೊಳ್ಳಿ. ಷಿಕಾಗೊಗೂ ಬೆಂಗಳೂರಿಗೂ ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆಯ ಅಂತರವಿರುವಾಗ ಮಕ್ಕಳು ಆ ರಾತ್ರಿ ಹೇಗೂ ಮಲಗುವುದಿಲ್ಲ, ಆದರೆ ಕೋಣೆಯೊಳಗೆ ಎಚ್ಚರವಿರುವುದಕ್ಕೂ ನಿಲ್ದಾಣದಲ್ಲಿ ಎಚ್ಚರವಿರುವುದಕ್ಕೂ ವ್ಯತ್ಯಾಸವಿದೆ. ಭಾರತದೊಳಗಿನ ಆ ಹಾರಾಟದ ಮಟ್ಟಿಗೆ ಅಲ್ಲಿನ ವಿಮಾನಯಾನ ನಿಯಂತ್ರಕರಾದ ಡಿಜಿಸಿಎ ನಿಯಮಗಳು ನಿಮ್ಮ ಪರವಾಗಿವೆ: ಆರು ಗಂಟೆ ಮೀರಿ ತಡವಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ಕೊಡಬೇಕು, ಒಂದೇ ಪಿಎನ್ಆರ್‌ನಲ್ಲಿರುವ 12 ವರ್ಷದೊಳಗಿನ ಮಗುವನ್ನು ತಂದೆತಾಯಿಯಲ್ಲಿ ಒಬ್ಬರ ಪಕ್ಕದಲ್ಲಾದರೂ ಕೂರಿಸಬೇಕೆಂದು 2024ರ ಏಪ್ರಿಲ್‌ನಲ್ಲಿ ಸೂಚನೆಯಾಗಿದೆ. ಎಷ್ಟು ಕೇಳಿದರೂ ಉತ್ತರ ಬಾರದಿದ್ದರೆ ಭಾರತ ಸರ್ಕಾರದ ಏರ್‌ಸೇವಾ ತಾಣದಲ್ಲಿ ದೂರು ದಾಖಲಿಸಬಹುದು.

ಮರಳುವ ವಿಮಾನ ನಡುರಾತ್ರಿಯ ನಂತರ ಹೊರಡುವುದಾದರೆ ತಾರೀಕನ್ನು ಎರಡು ಸಲ ನೋಡಿ. ರಾತ್ರಿ 11.50ಕ್ಕಿದ್ದ ವಿಮಾನ 12.20ಕ್ಕೆ ಸರಿದರೆ ಬದಲಾವಣೆ ಅರ್ಧ ಗಂಟೆಯದಾದರೂ ತಾರೀಕು ಬೇರೆಯಾಗುತ್ತದೆ, ಆಗ ಕಾರಿನವನಿಗೂ ಬೀಳ್ಕೊಡಲು ಬರುವವರಿಗೂ ಮತ್ತೆ ಹೇಳಬೇಕು. ಬರುವಾಗಲೂ ಹಾಗೆಯೇ: ಹೊಸ ವೇಳೆಯನ್ನು ಊರಿನವರಿಗೆ ಲಿಖಿತವಾಗಿ ಕಳಿಸದಿದ್ದರೆ ಅಜ್ಜ ಅಜ್ಜಿ ಹಳೆಯ ವೇಳೆಗಿಂತ ಎರಡು ಗಂಟೆ ಮುಂಚೆಯೇ ಬಂದು ಹೊರಗಡೆ ನಿಂತಿರುತ್ತಾರೆ.

ಕೈಚೀಲದಲ್ಲಿ ಪ್ರಯಾಣದ ಒಟ್ಟು ಅವಧಿಗಿಂತ ಒಂದು ದಿನದಷ್ಟು ಹೆಚ್ಚಿಗೆ ಡಯಾಪರ್, ಹಾಲಿನ ಪುಡಿ, ಜ್ವರದ ಔಷಧ, ಎಲ್ಲರಿಗೂ ಒಂದೊಂದು ಜೊತೆ ಬಟ್ಟೆ ಇರಲಿ. ಮಗುವಿನ ಹಾಲು ಮತ್ತು ಆಹಾರಕ್ಕೆ 100 ಮಿಲಿಲೀಟರಿನ ಮಿತಿ ಇಲ್ಲ, ಆದರೆ ತಪಾಸಣೆಯಲ್ಲಿ ಅವನ್ನು ಮೊದಲೇ ಹೊರಗಿಡಬೇಕು. ಮಗಳಿಗೆ ರಾಗಿ ಹುರಿಹಿಟ್ಟು ಒಳ್ಳೆಯದು, ಬೇಯಿಸುವ ಗೊಡವೆಯಿಲ್ಲ. ಬಿಸಿನೀರು ಸಾಮಾನ್ಯವಾಗಿ ವಿಮಾನದಲ್ಲೇ ಸಿಗುತ್ತದೆ.

ಅಕ್ಟೋಬರ್ ಕೊನೆಯ ವಾರ ಕಳೆದ ಮೇಲೆ ಒಮ್ಮೆ, ಹೊರಡುವ ಎರಡು ವಾರ ಮೊದಲು ಇನ್ನೊಮ್ಮೆ ನಿಮ್ಮ ಪಿಎನ್ಆರ್ ತೆರೆದು ವೇಳೆ, ಸೀಟು, ಮಗುವಿನ ಟಿಕೆಟ್ ಮೂರನ್ನೂ ನೋಡಿ. ಇಮೇಲ್ ಬರುತ್ತದೆಂದು ಕಾದು ಕೂರಬೇಡಿ, ಎಲ್ಲ ಬದಲಾವಣೆಗೂ ಅದು ಬರುವುದಿಲ್ಲ. ಅವರು ಕೊಡುವ ಹೊಸ ವಿಮಾನಗಳ ವಿವರವನ್ನು ಒಪ್ಪುವ ಮೊದಲು ಇಲ್ಲಿ ಹಾಕಿದರೆ ಬಿಡುವು ಸಾಕೇ ಎಂದು ನೋಡಿ ಹೇಳುತ್ತೇನೆ.