ಓದುಗರ ಪ್ರಶ್ನೆ, ನಮ್ಮ ಉತ್ತರ: ಅಮೆರಿಕದ ದಕ್ಷಿಣದ ಹಳ್ಳಿಗಳಿಂದ ಕ್ಷೇಮ ಸಮಾಚಾರ

ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಹಳ್ಳಿಯವರು ದೂರದ ನೆಂಟರಿಗೆ ಸುದ್ದಿ ಮುಟ್ಟಿಸುತ್ತಿದ್ದ ಬಗೆಯ ಕುರಿತು ಬಂದ ಪ್ರಶ್ನೆಗಳಿಗೆ ಈ ಸಲ ಉತ್ತರ.

ಪ್ರಶ್ನೆ: ನಮ್ಮ ಹವ್ಯಾಸಿ ತಂಡದ ನಾಟಕ 1840ರ ಜಾರ್ಜಿಯಾದ ಹಳ್ಳಿಯಲ್ಲಿ ನಡೆಯುತ್ತದೆ. ಮಿಸಿಸಿಪ್ಪಿಗೆ ವಲಸೆ ಹೋದ ಮಗಳಿಂದ ಕಾಗದ ಬರುವ ದೃಶ್ಯವಿದೆ. ಅಂಚೆಯವನು ಬಾಗಿಲಿಗೆ ಬಂದು ಲಕೋಟೆ ಕೊಡುವಂತೆ ತೋರಿಸಬಹುದೆ?

ಬೇಡ. ಆಗ ಹಳ್ಳಿಮನೆಗೆ ಅಂಚೆಯವನು ಬರುತ್ತಿರಲಿಲ್ಲ. ಲಕೋಟೆ ಬಳಸುವವರು ತೀರಾ ಕಡಿಮೆ. ದೇಶಕ್ಕೆಲ್ಲ ಅನ್ವಯಿಸುವ ಅಂಚೆಚೀಟಿಗಳು ಬಂದದ್ದೇ 1847ರಲ್ಲಿ. ಹಳ್ಳಿಯ ಅಂಚೆ ಕಚೇರಿ ಎಂದರೆ ಹೆಚ್ಚಾಗಿ ದಿನಸಿ ಅಂಗಡಿಯ ಒಂದು ಮೂಲೆ, ಅಂಗಡಿಯವನೇ ಪೋಸ್ಟ್‌ಮಾಸ್ಟರ್. ವಾರಕ್ಕೆ ಒಂದೆರಡು ಸಲ ಕುದುರೆ ಸವಾರನೋ ಗಾಡಿಯವನೋ ಚೀಲ ತಂದು ಹಾಕಿ ಹೋಗುತ್ತಿದ್ದ. ಹೊಳೆ ತುಂಬಿದರೆ ಅದಕ್ಕೂ ಕಲ್ಲು. ಉಪ್ಪು, ಮೊಳೆ ಕೊಳ್ಳಲು ಬಂದವರು ‘ನಮ್ಮ ಹೆಸರಿಗೆ ಏನಾದರೂ ಬಂದಿದೆಯೇ’ ಎಂದು ತಾವೇ ವಿಚಾರಿಸಬೇಕಿತ್ತು. ಯಾರೂ ಕೇಳದ ಕಾಗದಗಳ ಹೆಸರುಪಟ್ಟಿ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಆಗಲೂ ಯಾರೂ ಬಾರದಿದ್ದರೆ ವಾಷಿಂಗ್ಟನ್ನಿನಲ್ಲಿ ವಾರಸುದಾರರಿಲ್ಲದ ಕಾಗದಗಳಿಗೆಂದೇ ಇದ್ದ ಕಚೇರಿಗೆ ಅವನ್ನು ಕಳಿಸುತ್ತಿದ್ದರು.

ನಿಮ್ಮ ದೃಶ್ಯಕ್ಕೆ ಜೀವ ತುಂಬುವುದು ದುಡ್ಡಿನ ಸಂಗತಿ. ಸಾಮಾನ್ಯವಾಗಿ ಹಣ ಕೊಡುತ್ತಿದ್ದವರು ಕಾಗದ ಬರೆದವರಲ್ಲ, ಪಡೆದವರು. ದರ ನಿಗದಿಯಾಗುತ್ತಿದ್ದುದು ದೂರ ಮತ್ತು ಹಾಳೆಗಳ ಲೆಕ್ಕದಲ್ಲಿ: 30 ಮೈಲಿಯೊಳಗೆ ಒಂದು ಹಾಳೆಗೆ 6 ಸೆಂಟ್, 400 ಮೈಲಿ ದಾಟಿದರೆ 25 ಸೆಂಟ್. ಎರಡು ಹಾಳೆಗೆ ಎರಡರಷ್ಟು. ಮಿಸಿಸಿಪ್ಪಿಯ ನ್ಯಾಚೆಜ್‌ನಿಂದ ಜಾರ್ಜಿಯಾದ ಮಿಲೆಜ್‌ವಿಲ್ ಕಡೆಗೆ ಬಂದ ಕಾಗದ 25 ಸೆಂಟಿನದೇ. ಕಿಸೆಯಲ್ಲಿ ಅಷ್ಟು ನಗದಿಲ್ಲದ ರೈತ ಅಂಗಡಿಯ ಕಟ್ಟೆಯ ಮುಂದೆ ನಿಂತು ಮಗಳ ಅಕ್ಷರವನ್ನು ನೋಡುತ್ತಿರುವುದು ನಿಮ್ಮ ನಟನಿಗೆ ಒಳ್ಳೆಯ ಗಳಿಗೆ. ಲಕೋಟೆಯೂ ಒಂದು ಹಾಳೆಯೆಂದೇ ಲೆಕ್ಕ, ಅದಕ್ಕೇ ಹೆಚ್ಚಿನವರು ಹಾಕುತ್ತಿರಲಿಲ್ಲ. ತೂಕದ ಲೆಕ್ಕ ಬಂದದ್ದು 1845ರಲ್ಲಿ: ಅರ್ಧ ಔನ್ಸ್‌ಗೆ, ಅಂದರೆ ಸುಮಾರು 14 ಗ್ರಾಂಗೆ, 300 ಮೈಲಿಯೊಳಗೆ 5 ಸೆಂಟ್, ಆಚೆಗೆ 10. ಲಕೋಟೆಗಳು ಬಳಕೆಗೆ ಬಂದದ್ದು ಆಮೇಲೆ.

ರಂಗಪರಿಕರವನ್ನು ಹೀಗೆ ಮಾಡಿ. ದೊಡ್ಡ ಹಾಳೆಯೊಂದನ್ನು ಪುಸ್ತಕದಂತೆ ಮಡಿಸಿದರೆ ನಾಲ್ಕು ಪುಟ. ಮೂರು ಪುಟ ತುಂಬ ಬರೆಯಿರಿ. ನಾಲ್ಕನೆಯದರ ನಡುಭಾಗವನ್ನು ವಿಳಾಸಕ್ಕೆ ಖಾಲಿ ಬಿಡಿ. ಅದೇ ಪುಟದ ಮೇಲಿನ, ಕೆಳಗಿನ ಪಟ್ಟಿಗಳು ಮಡಿಕೆಯೊಳಗೆ ಹೋಗುವುದರಿಂದ ಅಲ್ಲೂ ಬರೆಯಬಹುದು. ಎರಡು ಬದಿಯನ್ನು ಒಳಕ್ಕೆ ಮಡಿಸಿ, ಉಳಿದ ಉದ್ದವನ್ನು ಮೂರಾಗಿ ಮಡಿಸಿ, ಒಂದು ತುದಿಯನ್ನು ಇನ್ನೊಂದರೊಳಗೆ ಸಿಕ್ಕಿಸಿ ಅರಗಿನಿಂದ ಮುದ್ರೆ ಒತ್ತಿ. ಮುದ್ರೆ ಬೀಳುವ ಜಾಗದಲ್ಲಿ ಅಕ್ಷರ ಇರಕೂಡದು. ಬಿಚ್ಚುವಾಗ ಕಾಗದ ಹರಿದು ಆ ತುಣುಕು ಅರಗಿಗೆ ಅಂಟಿಕೊಂಡುಬಿಡುತ್ತದೆ. ಹಳೆಯ ಕಾಗದಗಳಲ್ಲಿ ನಾಲ್ಕಾರು ಪದ ಕಾಣೆಯಾಗಿರುವ ತೂತುಗಳಿಗೆ ಬಹುಪಾಲು ಇದೇ ಕಾರಣ. ವಿಳಾಸದ ಬಲ ಮೇಲ್ಮೂಲೆಯಲ್ಲಿ ಪೋಸ್ಟ್‌ಮಾಸ್ಟರ್ ಕೈಯಿಂದ ‘25’ ಎಂದು ಬರೆದಿರಲಿ.

ಹಾಳೆಯನ್ನು ಚಹಾದಲ್ಲಿ ಅದ್ದಿ ಕಂದು ಮಾಡಲು ಮಾತ್ರ ಹೋಗಬೇಡಿ. ಅದು ನಮಗೆ ಹಳೆಯ ಕಾಗದ, ಪಾತ್ರಗಳಿಗೆ ಈಗ ತಾನೇ ಬಂದದ್ದು. ಮಾಚಿಕಾಯಿ, ಅನ್ನಭೇದಿ (ಕಬ್ಬಿಣದ ಲವಣ), ಗೋಂದು ಹಾಕಿ ಮಾಡಿದ ಶಾಯಿ ಬರೆಯುವಾಗ ತಿಳಿಯಾಗಿ ಕಂಡರೂ ಗಾಳಿ ತಾಗಿದ ಮೇಲೆ ಕಪ್ಪಾಗುತ್ತಿತ್ತು. ಅದು ಕಂದಿಗೆ ತಿರುಗುವುದು ವರ್ಷಗಳು ಕಳೆದ ಮೇಲೆ. ಅನ್ನಭೇದಿ ಹೆಚ್ಚಾದರೆ ಶಾಯಿ ಕಾಗದವನ್ನೇ ತಿಂದುಹಾಕುತ್ತದೆ.

ಪ್ರಶ್ನೆ: ಅಂಥ ಕಾಗದಗಳ ಸಂಗ್ರಹವೊಂದನ್ನು ಅನುವಾದಿಸುತ್ತಿದ್ದೇನೆ. ಬರೀ ಜ್ವರ, ಬೆಳೆ, ಸಾವು. ಕೆಲವು ಪುಟಗಳಲ್ಲಿ ಒಂದರ ಮೇಲೊಂದು ಅಡ್ಡಡ್ಡ ಬರೆದಿದ್ದಾರೆ. ಓದುವುದು ಹೇಗೆ?

ಒಂದು ಹಾಳೆ ಹೆಚ್ಚಾದರೆ ದರ ಇಮ್ಮಡಿಯಾಗುತ್ತಿದ್ದ ಕಾಲದಲ್ಲಿ ಶುರುವಾದ ಉಳಿತಾಯ ಅದು. ಪುಟ ಮುಗಿದ ಮೇಲೆ ಹಾಳೆಯನ್ನು ಕಾಲು ಸುತ್ತು ತಿರುಗಿಸಿ ಮೇಲೆಯೇ ಬರೆಯುತ್ತಿದ್ದರು. ಒಂದು ದಿಕ್ಕಿನ ಸಾಲುಗಳನ್ನು ಪೂರ್ತಿ ನಕಲು ಮಾಡಿಕೊಳ್ಳಿ, ಆಮೇಲೆ ಹಾಳೆ ತಿರುಗಿಸಿ. ಎರಡನ್ನೂ ಒಟ್ಟಿಗೆ ಓದಲು ಹೋದರೆ ವಾಕ್ಯಗಳು ಬೆರೆತುಹೋಗುತ್ತವೆ. ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಓರೆಯಾಗಿ ಹಿಡಿದರೆ ಎದುರಿನ ಸಾಲು ಎದ್ದು ಕಂಡು ಅಡ್ಡಸಾಲು ಹಿಂದೆ ಸರಿಯುತ್ತದೆ. ಅಂಚೆ ದಿನದವರೆಗೂ ಸ್ವಲ್ಪ ಸ್ವಲ್ಪ ಸೇರಿಸಿ ಬರೆಯುತ್ತಿದ್ದರಿಂದ ಒಂದೇ ಕಾಗದದಲ್ಲಿ ಮೂರು ತಾರೀಕು ಸಿಗಬಹುದು. ಅದನ್ನು ಮೂರು ಕಾಗದವೆಂದು ಎಣಿಸಬೇಡಿ.

ಇನ್ನು ಜ್ವರ, ಸಾವಿನ ಮಾತು. ಈ ಕಾಗದ ಒಬ್ಬರಿಗೆಂದು ಬರೆದದ್ದಲ್ಲ. ಮನೆಮಂದಿ, ನೆರೆಹೊರೆ ಕೂತು ಕೇಳುವಂತೆ ಗಟ್ಟಿಯಾಗಿ ಓದುತ್ತಿದ್ದರು, ಮುಂದಿನ ನೆಂಟರಿಗೆ ದಾಟಿಸುತ್ತಿದ್ದರು. ‘ನಾವೆಲ್ಲ ಕ್ಷೇಮ, ನೀವೂ ಹಾಗೇ ಇರುವಿರೆಂದು ನಂಬಿದ್ದೇವೆ’ ಎಂಬ ಆರಂಭವನ್ನು ಬರಿಯ ಶಿಷ್ಟಾಚಾರ ಎಂದು ತಳ್ಳಿಹಾಕಬೇಡಿ. ಮಲೇರಿಯಾ ಪ್ರತಿ ವರ್ಷ ಮರಳುತ್ತಿದ್ದ ನಾಡಿನಲ್ಲಿ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಅದೇ. ಸಾವಿನ ಸುದ್ದಿಯಾದರೆ ಕಪ್ಪು ಅರಗು, ಕಪ್ಪು ಅಂಚಿನ ಕಾಗದ. ತೆರೆಯುವ ಮೊದಲೇ ತಿಳಿದುಹೋಗುತ್ತಿತ್ತು. ಕಾಯಿಲೆ ಎಷ್ಟು ದಿನ, ಯಾವ ಗಳಿಗೆಯಲ್ಲಿ ಪ್ರಾಣ ಹೋಯಿತು, ಕೊನೆಯ ಮಾತೇನು ಎಂದು ಬಿಡಿಸಿ ಬರೆದು, ಸತ್ತವರ ಒಂದೆಳೆ ಕೂದಲನ್ನೂ ಇಡುತ್ತಿದ್ದರು. ಕಾಗದದಲ್ಲಿ ತಿಳಿದುಬಂದ ತಾರೀಕುಗಳನ್ನು ಮನೆಯ ಬೈಬಲ್ಲಿನಲ್ಲಿ, ಹಳೆಯ ಮತ್ತು ಹೊಸ ಒಡಂಬಡಿಕೆಗಳ ನಡುವಿನ ಪುಟಗಳಲ್ಲಿ ಜನನ, ಮದುವೆ, ಮರಣ ಎಂದು ದಾಖಲಿಸುತ್ತಿದ್ದರು. ಹೆಸರು, ತಾರೀಕಿನ ಬಗ್ಗೆ ಅನುಮಾನ ಬಂದರೆ ಆ ಪುಟಗಳ ಜೊತೆ ಹೋಲಿಸಿ ನೋಡಿ.

ಪ್ರಶ್ನೆ: ಪತ್ರಿಕೆಗಳ ಮೂಲಕ ಗುಟ್ಟಾಗಿ ಸುದ್ದಿ ಕಳಿಸುತ್ತಿದ್ದರಂತೆ, ನಿಜವೆ?

ನಿಜ. ಒಂದು ಪತ್ರಿಕೆಯ ಅಂಚೆ ದರ 1 ಸೆಂಟ್. ರಾಜ್ಯದ ಹೊರಗೆ 100 ಮೈಲಿ ದಾಟಿದರೆ ಒಂದೂವರೆ. ಬೇಕಾದ ಅಕ್ಷರಗಳ ಕೆಳಗೆ ಸೂಜಿಯಿಂದ ಚುಚ್ಚಿಯೋ ಚುಕ್ಕೆ ಇಟ್ಟೋ ಪದ ಕಟ್ಟುತ್ತಿದ್ದರು. ಕಾನೂನಿಗೆ ವಿರುದ್ಧ, ಸಿಕ್ಕಿಬಿದ್ದರೆ ಕಾಗದದ ದರ ತೆರಬೇಕಿತ್ತು. ಹಳೆಯ ಪತ್ರಿಕೆ ಕೈಗೆ ಸಿಕ್ಕರೆ ಬೆಳಕಿಗೆ ಹಿಡಿದು ನೋಡಿ.

ಪ್ರಶ್ನೆ: ಅಂತರ್ಯುದ್ಧದ ಕಾಲದಲ್ಲಿ ಉತ್ತರದಲ್ಲಿದ್ದ ಅಣ್ಣನಿಗೆ ದಕ್ಷಿಣದ ತಂಗಿ ಬರೆಯಲು ಸಾಧ್ಯವಿತ್ತೆ?

ಇತ್ತು, ಆದರೆ ಇಕ್ಕಟ್ಟಾದ ದಾರಿ. 1861ರ ಮೇ ಕೊನೆಗೆ, ದೇಶದಿಂದ ಬೇರೆಯಾದ ದಕ್ಷಿಣದ ರಾಜ್ಯಗಳಲ್ಲಿ ಅಮೆರಿಕದ ಅಂಚೆ ನಿಂತಿತು. ದಕ್ಷಿಣದವರು ತಮ್ಮದೇ ಅಂಚೆ ಇಲಾಖೆ ನಡೆಸಿದರು. ಗಡಿ ದಾಟಬೇಕಾದ ಕಾಗದ ಬಿಳಿ ಬಾವುಟದ ಹಡಗಿನಲ್ಲಿ, ಹೆಚ್ಚಾಗಿ ವರ್ಜೀನಿಯಾದ ಮನ್ರೋ ಕೋಟೆಯ ಮೂಲಕ ಹೋಗುತ್ತಿತ್ತು. ಒಂದೇ ಪುಟ, ಮನೆ ವಿಚಾರ ಮಾತ್ರ, ಮುದ್ರೆ ಹಾಕದೆ ತೆರೆದೇ ಕೊಡಬೇಕು. ಎರಡೂ ಕಡೆಯ ಅಂಚೆ ವೆಚ್ಚ ಭರಿಸಬೇಕು: ಉತ್ತರದ್ದು 3 ಸೆಂಟ್, ದಕ್ಷಿಣದ್ದು 1862ರ ಜುಲೈನಿಂದ 10 ಸೆಂಟ್. ಸೈನ್ಯದ ಮಾತು ಒಂದು ಸಾಲು ನುಸುಳಿದರೂ ಕಾಗದ ಅಲ್ಲೇ ನಿಲ್ಲುತ್ತಿತ್ತು. 1863ರ ಜುಲೈನಲ್ಲಿ ಮಿಸಿಸಿಪ್ಪಿ ನದಿದಡದ ವಿಕ್ಸ್‌ಬರ್ಗ್ ಪಟ್ಟಣ ಉತ್ತರದವರ ವಶವಾದ ಮೇಲೆ ಆ ನದಿ ದಾಟಿ ಟೆಕ್ಸಾಸ್‌ಗೆ ಸುದ್ದಿ ಕಳಿಸುವುದೂ ಕಷ್ಟವಾಯಿತು; ಅದಕ್ಕೆಂದೇ ನಡೆಸಿದ ವಿಶೇಷ ಅಂಚೆಗೆ 40 ಸೆಂಟ್. ಕಾಗದದ ಬರ ಎಷ್ಟಿತ್ತೆಂದರೆ ಬಂದ ಲಕೋಟೆಯನ್ನು ಬಿಚ್ಚಿ, ಒಳಮೈ ಹೊರಗೆ ಮಾಡಿ ಮತ್ತೆ ಬಳಸುತ್ತಿದ್ದರು. ಗೋಡೆಗೆ ಅಂಟಿಸುವ ಬಣ್ಣದ ಕಾಗದದಿಂದಲೂ ಲಕೋಟೆ ಮಾಡುತ್ತಿದ್ದರು.

ಪ್ರಶ್ನೆ: ಗುಲಾಮರಾಗಿದ್ದವರು ತಮ್ಮವರ ಸುದ್ದಿ ಹೇಗೆ ತಿಳಿಯುತ್ತಿದ್ದರು?

ಮೇಲಿನ ಉತ್ತರಗಳೆಲ್ಲ ಬರೆಯಲು ಅವಕಾಶವಿದ್ದವರ ಕಥೆ. ಜಾರ್ಜಿಯಾ 1829ರಲ್ಲಿ, ದಕ್ಷಿಣ ಕ್ಯಾರೊಲಿನಾ 1834ರಲ್ಲಿ ಗುಲಾಮರಿಗೆ ಓದು ಬರಹ ಕಲಿಸುವುದನ್ನು ಅಪರಾಧವಾಗಿಸಿದವು. ಉತ್ತರ ಕ್ಯಾರೊಲಿನಾದ ಕಾನೂನು ಅಂಕಿಗಳನ್ನು ಕಲಿಸಲು ಮಾತ್ರ ಬಿಟ್ಟಿತು. ಲೆಕ್ಕ ಒಡೆಯನಿಗೆ ಬೇಕಿತ್ತಲ್ಲ. ಹತ್ತಿರದ ತೋಟದಲ್ಲಿ ಹೆಂಡತಿ ಇದ್ದವನು ಒಡೆಯನ ಚೀಟಿ ಹಿಡಿದು ಶನಿವಾರ ಸಂಜೆ ಹೋಗಿಬರುತ್ತಿದ್ದ. ಅವನ ಜೊತೆ ಎರಡು ತೋಟಗಳ ಸುದ್ದಿಯೂ ಓಡಾಡುತ್ತಿತ್ತು. ಗಾಡಿ ಹೊಡೆಯುವವರು, ದೋಣಿಯಾಳುಗಳು ಇನ್ನೂ ದೂರಕ್ಕೆ ಬಾಯಿಮಾತು ಒಯ್ಯುತ್ತಿದ್ದರು. ಕಾಗದವಾದರೆ ಬೇರೊಬ್ಬರಿಂದ ಬರೆಸಬೇಕು, ಅದು ಹೆಚ್ಚಾಗಿ ಒಡೆಯನ ಕೈಗೇ ಹೋಗಬೇಕು. ಅಂಥ ಕಾಗದಗಳಲ್ಲಿ ದೂರು ವಿರಳ, ‘ಇಂಥವರಿಗೆ ನನ್ನ ನೆನಪು ಹೇಳಿ’ ಎಂಬ ಹೆಸರುಗಳ ಸಾಲು ಉದ್ದ. ಆ ಸಾಲುಗಳನ್ನು ಹಾರಿಸಿ ಓದಬೇಡಿ. ಕುಟುಂಬದ ದಾಖಲೆ ಇರುವುದು ಅಲ್ಲೇ.

1865ರ ನಂತರ ಮಾರಾಟದಲ್ಲಿ ಚದುರಿಹೋದವರ ಹುಡುಕಾಟ ಬಹಿರಂಗವಾಗಿ ಶುರುವಾಯಿತು. ನ್ಯೂ ಆರ್ಲಿಯನ್ಸ್‌ನ ‘ಸೌತ್‌ವೆಸ್ಟರ್ನ್ ಕ್ರಿಶ್ಚಿಯನ್ ಅಡ್ವೊಕೇಟ್’ ಪತ್ರಿಕೆಯಲ್ಲಿ ‘ಕಳೆದುಹೋದ ಆಪ್ತರು’ ಎಂಬರ್ಥದ ಅಂಕಣವೇ ಇತ್ತು. ಚಂದಾದಾರರಿಗೆ ಉಚಿತ, ಉಳಿದವರಿಗೆ 50 ಸೆಂಟ್. ಅಲ್ಲಿ ಬರೆದವರು ಮುಖ್ಯವಾಗಿ ಕೊಡುತ್ತಿದ್ದ ವಿವರಗಳು ಇವು: ತಾಯಿ, ತಂದೆ, ಒಡಹುಟ್ಟಿದವರ ಹೆಸರು, ಯಾವ ಕೌಂಟಿಯಲ್ಲಿದ್ದೆವು (ಕೌಂಟಿ ಎಂದರೆ ಜಿಲ್ಲೆಯಂಥ ವಿಭಾಗ), ಯಾವ ಒಡೆಯ ಯಾರಿಗೆ ಮಾರಿದ, ಕೊನೆಯ ಬಾರಿ ನೋಡಿದ್ದು ಎಲ್ಲಿ. ಒಡೆಯ ಬದಲಾದಂತೆ, ಬಿಡುಗಡೆಯ ನಂತರವೂ, ಅಡ್ಡಹೆಸರು ಬದಲಾಗಿರುತ್ತಿತ್ತು. ಹಾಗಾಗಿ ಬರೀ ಹೆಸರು ಹಿಡಿದು ಹುಡುಕಿದರೆ ಸಿಗುವಂತಿರಲಿಲ್ಲ. ಓದು ಬಾರದವರಿಗೂ ಸುದ್ದಿ ಮುಟ್ಟಲೆಂದು ಈ ಪ್ರಕಟಣೆಗಳನ್ನು ಚರ್ಚಿನ ಪೀಠದಿಂದ ಓದಿ ಹೇಳಬೇಕೆಂದೂ, ಯಾರಾದರೂ ಒಂದುಗೂಡಿದರೆ ತಿಳಿಸಬೇಕೆಂದೂ ಪತ್ರಿಕೆ ಪಾದ್ರಿಗಳನ್ನು ಕೇಳಿಕೊಳ್ಳುತ್ತಿತ್ತು.