ಷಿಕಾಗೊವನ್ನು ಹಿತ್ತಲ ಕಡೆಯಿಂದ ನೋಡಿ

ನೀವು ಕೇಳಿರುವುದು ಮೂರು ಪ್ರಶ್ನೆ. ಷಿಕಾಗೊದ ಹಳೆಯ ಕಪ್ಪು-ಬಿಳುಪು ಚಿತ್ರಗಳಲ್ಲಿ ಕಾಣುವ ಊರು ಈಗಲೂ ಉಳಿದಿದೆಯೇ? ಚಳಿಯನ್ನು ತಡೆಯಲಾಗುತ್ತದೆಯೇ? ಕಾರಿಲ್ಲದೆ ಸಂಸಾರ ನಡೆಯುತ್ತದೆಯೇ? ವಿಮಾನ ಹತ್ತುವ ಮುನ್ನ ಹೀಗೆ ಹಳೆಯ ಚಿತ್ರಗಳನ್ನು ಹುಡುಕಿಕೊಂಡು ಕೂರುವವರು ಕಡಿಮೆ. ಉಳಿದವರೆಲ್ಲ ನನ್ನನ್ನು ಕೇಳುವುದು ಸಂಬಳ ಸಾಲುತ್ತದೆಯೇ, ಕುಕ್ಕರ್ ತರಬೇಕೇ ಎಂದು. (ತನ್ನಿ. ಗ್ಯಾಸ್ಕೆಟ್ ಎರಡು ಹೆಚ್ಚಿಗೆ ಇರಲಿ.)

ಚಿತ್ರಗಳನ್ನು ನೋಡುವಾಗ ಗಗನಚುಂಬಿ ಕಟ್ಟಡಗಳನ್ನು ಬೇಗ ದಾಟಿಬಿಡಿ. ಅವು ನೆಂಟರಿಗೆ ಕಳಿಸುವುದಕ್ಕೆ ಚೆನ್ನ. 1893ರಲ್ಲಿ ವಿವೇಕಾನಂದರು ಮಾತನಾಡಿದ ಕಟ್ಟಡವೇ ಇಂದಿನ ಆರ್ಟ್ ಇನ್‌ಸ್ಟಿಟ್ಯೂಟ್ ಎಂಬ ಕಲಾ ಸಂಗ್ರಹಾಲಯ. ಊರಿನಿಂದ ಬಂದ ಹಿರಿಯರನ್ನು ಮೊದಲು ಅಲ್ಲಿಗೇ ಕರೆದೊಯ್ಯಬೇಕಾಗುತ್ತದೆ, ನೀವೂ ಹೋಗಿಬನ್ನಿ. ಆದರೆ ಬೆಳಗಾದರೆ ನಿಮಗೆ ಎದುರಾಗುವ ಷಿಕಾಗೊ ಇರುವುದು ಮನೆಗಳ ಬೆನ್ನಿಗೆ. ಬೆಂಗಳೂರಿನ ಹಳೆಯ ಬಡಾವಣೆಗಳ ಕನ್ಸರ್ವೆನ್ಸಿ ಗಲ್ಲಿ ಗೊತ್ತಲ್ಲ, ಇಲ್ಲಿ ಅಂಥ ಗಲ್ಲಿಗಳೇ ಸುಮಾರು 1,900 ಮೈಲಿ ಇವೆ. ಕಸದ ಡಬ್ಬಿ, ಕಾರು ನಿಲ್ಲಿಸುವ ಶೆಡ್ಡು, ವಿದ್ಯುತ್ ತಂತಿ ಎಲ್ಲವೂ ಆ ಕಡೆಗೆ. ಹಳೆಯ ಚಿತ್ರಗಳಲ್ಲಿ ಅದೇ ಗಲ್ಲಿಯಲ್ಲಿ ಕಲ್ಲಿದ್ದಲಿನ ಗಾಡಿ ನಿಂತಿರುತ್ತದೆ, ಐಸು ಮಾರುವವನಿರುತ್ತಾನೆ, ಹಗ್ಗದ ಮೇಲೆ ಬಟ್ಟೆ ಒಣಗುತ್ತಿರುತ್ತದೆ.

ಮೂರಂತಸ್ತಿನ ಇಟ್ಟಿಗೆ ಮನೆಗಳ ಹಿಂದೆ ಮರದ ಮೆಟ್ಟಿಲು, ಮರದ ಜಗಲಿ ಕಾಣುತ್ತವೆ. 1871ರ ಮಹಾ ಬೆಂಕಿಯ ನಂತರ ಊರು ಇಟ್ಟಿಗೆಗೆ ತಿರುಗಿತು, ಹಿಂಬದಿಯ ಮೆಟ್ಟಿಲು ಮಾತ್ರ ಮರದ್ದೇ ಉಳಿಯಿತು. ಈಗಲೂ ಹೆಚ್ಚಿನವಕ್ಕೆ ಬೂದು ಬಣ್ಣ. ಬೇಸಿಗೆಯ ಸಂಜೆ ಅಕ್ಕಪಕ್ಕದವರ ಪರಿಚಯವಾಗುವುದು ಅಲ್ಲಿಯೇ. ಮುಂಬಾಗಿಲಲ್ಲಿ ಯಾರೂ ಯಾರನ್ನೂ ಮಾತನಾಡಿಸುವುದಿಲ್ಲ. ಒಂದು ಎಚ್ಚರ: 2003ರಲ್ಲಿ ಪಾರ್ಟಿಯೊಂದರ ನಡುವೆ ಇಂಥ ಜಗಲಿ ಕುಸಿದು 13 ಮಂದಿ ಸತ್ತರು. ನಾಲ್ಕು ಜನ ಕೂತು ಕಾಫಿ ಕುಡಿಯಿರಿ, ಯುಗಾದಿಗೆ ಬಂದವರನ್ನೆಲ್ಲ ಅಲ್ಲಿ ನಿಲ್ಲಿಸಬೇಡಿ.

ಬೀದಿಯ ಮುಖಗಳು ಬೇಕಿದ್ದರೆ ವಿವಿಯನ್ ಮೇಯರ್ ತೆಗೆದ ಚಿತ್ರಗಳನ್ನು ನೋಡಿ. ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದ ಆಕೆ, ಬಿಡುವು ಸಿಕ್ಕಾಗಲೆಲ್ಲ ಕ್ಯಾಮೆರಾ ಹಿಡಿದು ಪೇಟೆ ಸುತ್ತಿದರು. ಒಂದು ಲಕ್ಷಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದರು. ಸಾಮಾನು ಇಟ್ಟಿದ್ದ ಬಾಡಿಗೆ ಗೋದಾಮಿನ ಹಣ ಕಟ್ಟಲಾಗದೆ 2007ರಲ್ಲಿ ಅವು ಹರಾಜಾದವು. 2009ರಲ್ಲಿ ಆಕೆ ತೀರಿಕೊಂಡ ಮೇಲೆ ಲೋಕಕ್ಕೆ ಹೆಸರು ತಿಳಿಯಿತು. ಬಸ್ಸಿಗೆ ಕಾಯುತ್ತಾ ನಿದ್ದೆ ತೂಗುವವರು, ಹಟ ಹಿಡಿದ ಮಗು, ಸಿಟ್ಟಿನಿಂದ ತಿರುಗಿ ನೋಡುವ ಹೆಂಗಸು: ಪ್ರವಾಸಿಗರ ಪುಸ್ತಕದಲ್ಲಿ ಇವರು ಯಾರೂ ಸಿಗುವುದಿಲ್ಲ.

ಚಳಿಯ ವಿಷಯಕ್ಕೆ ಬರೋಣ. 1967ರ ಜನವರಿ 26 ಮತ್ತು 27ರ ಚಿತ್ರಗಳನ್ನು ಹುಡುಕಿ. ಒಂದೇ ಸಲಕ್ಕೆ 23 ಅಂಗುಲ ಹಿಮ. ನಡುರಸ್ತೆಯಲ್ಲಿ ಕಾರು, ಬಸ್ಸುಗಳನ್ನು ಬಿಟ್ಟು ಜನ ನಡೆದೇ ಹೋಗಿದ್ದಾರೆ. ಅಷ್ಟು ಪ್ರತಿ ವರ್ಷ ಬೀಳುವುದಿಲ್ಲ, ಹೆದರಬೇಡಿ. 1979ರ ಹಿಮವಂತೂ ಊರಿನ ಆಗಿನ ಮೇಯರ್ ಬಿಲಾಂಡಿಕ್ ಅವರ ಕುರ್ಚಿಯನ್ನೇ ತೆಗೆಯಿತು. ರಸ್ತೆ ತೆರವು ಮಾಡಿಸಲಿಲ್ಲವೆಂದು ಸಿಟ್ಟಾದ ಜನ ಜೇನ್ ಬರ್ನ್ ಅವರನ್ನು ಗೆಲ್ಲಿಸಿದರು. ಆಕೆ ಈ ಊರಿನ ಮೊದಲ ಮಹಿಳಾ ಮೇಯರ್. ಅಂದಿನಿಂದ ಹಿಮ ತೆಗೆಯುವ ವಾಹನಗಳು ಸೋಮಾರಿತನ ಮಾಡಿದ್ದನ್ನು ನಾನು ಕಂಡಿಲ್ಲ. ಹಿಮದ ದಿನ ರಸ್ತೆ ಬದಿಯಲ್ಲಿ ಯಾರೋ ಮುರುಕು ಕುರ್ಚಿ ಇಟ್ಟಿದ್ದರೆ ಅದನ್ನು ಸರಿಸಬೇಡಿ. ಗಂಟೆಗಟ್ಟಲೆ ಸಲಿಕೆ ಹಿಡಿದು ಕಾರಿಗೆ ಜಾಗ ಮಾಡಿಕೊಂಡವರ ಹಕ್ಕು ಅದು. ಕಾನೂನಿನಲ್ಲಿ ಇಲ್ಲ, ಬೀದಿಯಲ್ಲಿ ಇದೆ. ಬೂಟು, ದಪ್ಪ ಕೋಟು ಅಲ್ಲಿಂದ ತರಬೇಡಿ. ನಮ್ಮ ಕಡೆಯ ಉಣ್ಣೆ ಇಲ್ಲಿಯ ಗಾಳಿಗೆ ಸಾಲದು.

ಚಳಿಯ ಬಗ್ಗೆ ಎಲ್ಲರೂ ಕೇಳುತ್ತಾರೆ, ಸೆಕೆಯ ಬಗ್ಗೆ ಯಾರೂ ಕೇಳುವುದಿಲ್ಲ. ಹಿಂದೆ ಬಿಸಿಲುಕಾಲದ ರಾತ್ರಿ ಜನ ಚಾಪೆ-ಹೊದಿಕೆ ಹಿಡಿದು ಉದ್ಯಾನಗಳಲ್ಲಿ, ಸರೋವರದ ದಂಡೆಯಲ್ಲಿ ಮಲಗುತ್ತಿದ್ದರು. 1995ರ ಜುಲೈನಲ್ಲಿ ಸೆಕೆಗೆ 700ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹಳಷ್ಟು ಮಂದಿ ಒಂಟಿಯಾಗಿದ್ದ ವೃದ್ಧರು, ಕಿಟಕಿ ತೆರೆಯಲೂ ಅಂಜುತ್ತಿದ್ದವರು. ನಿಮ್ಮ ಕಟ್ಟಡದಲ್ಲಿ ವಯಸ್ಸಾದವರಿದ್ದರೆ ಜುಲೈನಲ್ಲಿ ಒಮ್ಮೆ ಬಾಗಿಲು ತಟ್ಟಿ.

ಇನ್ನೊಂದು ಚಿತ್ರವನ್ನು ತಪ್ಪದೆ ನೋಡಿ. 1941ರ ಏಪ್ರಿಲ್, ಈಸ್ಟರ್ ಹಬ್ಬ, ಊರಿನ ದಕ್ಷಿಣ ಭಾಗವಾದ ಸೌತ್ ಸೈಡ್. ಕೋಟು, ಟೋಪಿ ತೊಟ್ಟ ಐವರು ಕಪ್ಪು ಹುಡುಗರು ಕಾರಿನ ಮೇಲೆ ರಾಜರಂತೆ ಕೂತಿದ್ದಾರೆ. ಸರ್ಕಾರಿ ಯೋಜನೆಗಾಗಿ ರಸೆಲ್ ಲೀ ತೆಗೆದದ್ದು. ಆ ಹುಡುಗರ ಹೆತ್ತವರಿಗೆ ಊರಿನ ಬಹುಪಾಲು ಬಡಾವಣೆಗಳಲ್ಲಿ ಮನೆ ಸಿಗುತ್ತಿರಲಿಲ್ಲ. ಕಪ್ಪು ಜನರಿಗೆ ಮಾರಕೂಡದು ಎಂದು ಕ್ರಯಪತ್ರದಲ್ಲೇ ಬರೆಯುತ್ತಿದ್ದರು. ಅಂಥ ಷರತ್ತನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ‘ಆ ಕಡೆ ಹೋಗಬೇಡಿ’ ಎಂದು ನಮ್ಮವರೇ ಮೊದಲ ವಾರದಲ್ಲಿ ನಿಮಗೆ ಉಪದೇಶ ಮಾಡುತ್ತಾರೆ. ಆ ಕಡೆ ಎನ್ನುವುದು ಹೇಗೆ ಹುಟ್ಟಿತೆಂದು ತಿಳಿದುಕೊಂಡು ಆಮೇಲೆ ತಲೆಯಾಡಿಸಿ. ನಮಗೆ ಇಲ್ಲಿ ಬಾಗಿಲು ತೆರೆದದ್ದು 1965ರ ವಲಸೆ ಕಾಯ್ದೆ. ಅದು ಬಂದದ್ದು ಕಪ್ಪು ಜನರು ನಾಗರಿಕ ಹಕ್ಕುಗಳಿಗಾಗಿ ನಡೆಸಿದ ಹೋರಾಟದ ಕಾಲದಲ್ಲಿ.

ಡೆವಾನ್ ಅವೆನ್ಯೂವಿನ ಹಳೆಯ ಚಿತ್ರಗಳಲ್ಲಿ ಯಹೂದಿಗಳ ಅಂಗಡಿ ಫಲಕಗಳಿವೆ. 1974ರಲ್ಲಿ ಪಟೇಲ್ ಬ್ರದರ್ಸ್ ಎಂಬ ಭಾರತೀಯ ದಿನಸಿ ಅಂಗಡಿ ಶುರುವಾದದ್ದು ಇದೇ ಬೀದಿಯಲ್ಲಿ. ಈಗ ಅದೇ ರಸ್ತೆಯ ಒಂದು ತುಂಡಿಗೆ ಗಾಂಧಿ ಮಾರ್ಗವೆಂದು, ಇನ್ನೊಂದಕ್ಕೆ ಇಸ್ರೇಲಿನ ಪ್ರಧಾನಿಯಾಗಿದ್ದ ಗೋಲ್ಡಾ ಮೇಯರ್ ಎಂದು ಗೌರವದ ಹೆಸರುಗಳಿವೆ. ಮೆಂತ್ಯ ಸೊಪ್ಪು, ಕರಿಬೇವು ಸಿಗುತ್ತವೆ. ಬೆಲೆಯನ್ನು ರೂಪಾಯಿಗೆ ಲೆಕ್ಕ ಹಾಕಬೇಡಿ.

ಕಾರಿನ ಮಾತು. ಟ್ರಾಮ್ 1958ರಲ್ಲೇ ನಿಂತಿತು, ಅದರ ಎಷ್ಟೋ ದಾರಿಗಳಲ್ಲಿ ಈಗ ಬಸ್ಸು ಓಡುತ್ತದೆ. ಕಂಬಗಳ ಮೇಲೆ ಓಡುವ ‘ಎಲ್’ ರೈಲು ಶುರುವಾದದ್ದು 1892ರಲ್ಲಿ. ಪೇಟೆಯನ್ನು ಬಳಸುವ ಅದರ ಹಳಿ 1897ರಿಂದ ಅಲ್ಲೇ ಇದೆ, ಅದರಡಿಯ ಬೀದಿಯಲ್ಲಿ ಇಂದಿಗೂ ಗಡಗಡ ಸದ್ದಿಗೆ ಮಾತು ನಿಲ್ಲಿಸಿ ಕಾಯಬೇಕು. ರೈಲಿನ ಹತ್ತಿರ ಮನೆ ಹಿಡಿದರೆ ಕಾರಿಲ್ಲದೆ ಬದುಕಬಹುದು, ಉಪನಗರಗಳಲ್ಲಿ ಕಷ್ಟ. ದೂರ ಅಳೆಯುವುದು ಸುಲಭ: 1909ರಲ್ಲಿ ಮನೆ ಸಂಖ್ಯೆಗಳನ್ನೆಲ್ಲ ಬದಲಾಯಿಸಿ, ಸ್ಟೇಟ್ ಮತ್ತು ಮ್ಯಾಡಿಸನ್ ರಸ್ತೆಗಳು ಕೂಡುವ ಜಾಗವನ್ನು ಸೊನ್ನೆ ಮಾಡಿದರು. ಅಲ್ಲಿಂದ ಮೈಲಿಗೆ 800ರಂತೆ ಸಂಖ್ಯೆ ಏರುತ್ತದೆ. ಡೆವಾನ್ 6400 ನಾರ್ತ್, ಅಂದರೆ ಉತ್ತರಕ್ಕೆ ಎಂಟು ಮೈಲಿ. 1909ಕ್ಕೂ ಹಿಂದಿನ ಚಿತ್ರಗಳಲ್ಲಿರುವ ವಿಳಾಸ ಹಿಡಿದು ಹುಡುಕಿದರೆ ಬೇರೆ ಯಾರದೋ ಮನೆಗೆ ಹೋಗುತ್ತೀರಿ. ಬಾಡಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಮನೆಯ ಸಂಖ್ಯೆ, ರಸ್ತೆಯ ಹೆಸರು ನನಗೆ ಬರೆದು ಕಳಿಸಿ. ಜನವರಿಯಲ್ಲಿ ಅಲ್ಲಿಂದ ನಿಲ್ದಾಣಕ್ಕೆ ನಡೆಯಬಹುದೋ ಇಲ್ಲವೋ ಹೇಳುತ್ತೇನೆ.