ಶುಗರ್ ಹತೋಟಿಯಲ್ಲಿದೆ, ಮತ್ತೆ ಈ ಮಾತ್ರೆಗಳೆಲ್ಲ ಯಾಕೆ?

ಪ್ರಶ್ನೆ: ನನಗೆ 52 ವರ್ಷ. ಆರು ವರ್ಷದಿಂದ ಶುಗರ್ ಇದೆ, ಈಗ ಹತೋಟಿಯಲ್ಲಿದೆ. ಎದೆನೋವು ಏನೂ ಇಲ್ಲ. ಆದರೂ ಡಾಕ್ಟರು ಬಿಪಿಗೊಂದು, ಕೊಲೆಸ್ಟ್ರಾಲ್‌ಗೊಂದು ಮಾತ್ರೆ ಬರೆದಿದ್ದಾರೆ. ಕೊಲೆಸ್ಟ್ರಾಲ್ ಮಾತ್ರೆಯಿಂದ ಶುಗರ್ ಜಾಸ್ತಿ ಆಗುತ್ತದಂತೆ. ಬಿಡಬಹುದಾ?

ಬಿಡಬೇಡಿ. ಈ ಪ್ರಶ್ನೆ ನನಗೆ ಬಂದಷ್ಟು ಬೇರೆ ಯಾವುದೂ ಬರುವುದಿಲ್ಲ. ಎಷ್ಟೋ ಜನ ಮಾತ್ರೆ ಬಿಟ್ಟು ಮೂರು ತಿಂಗಳಾದ ಮೇಲೆ ಕೇಳುತ್ತಾರೆ, ನನಗೆ ಸಿಟ್ಟು ಬರುವುದು ಅದಕ್ಕೇ.

ಶುಗರ್ ಒಂದು ಕಾಯಿಲೆ, ಹಾರ್ಟ್ ಇನ್ನೊಂದು ಅಂತ ನೀವು ಅಂದುಕೊಂಡಿದ್ದೀರಿ. ಎರಡಕ್ಕೂ ಬಹುಪಾಲು ಬೇರು ಒಂದೇ. ಹೊಟ್ಟೆಯೊಳಗೆ, ಲಿವರ್‌ನಲ್ಲಿ ಕೊಬ್ಬು ಸೇರಿದ ಹಾಗೆ ದೇಹ ಇನ್ಸುಲಿನ್ ಮಾತು ಕೇಳುವುದಿಲ್ಲ. ಆಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸಿ, ಹೇಗೋ ಶುಗರನ್ನು ವರ್ಷಗಟ್ಟಲೆ ನಾರ್ಮಲ್‌ನಲ್ಲೇ ಇಟ್ಟುಕೊಂಡಿರುತ್ತದೆ. ಆ ವರ್ಷಗಳಲ್ಲೇ ಟ್ರೈಗ್ಲಿಸರೈಡ್ ಅನ್ನುವ ರಕ್ತದ ಕೊಬ್ಬು ಏರುತ್ತದೆ, ಒಳ್ಳೆ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ ಇಳಿಯುತ್ತದೆ, ಬಿಪಿ ಮೇಲೆ ಹೋಗುತ್ತದೆ, ರಕ್ತನಾಳದ ಒಳಪದರ ಕೆಡುತ್ತಾ ಬರುತ್ತದೆ. ಇವೆಲ್ಲ ಒಟ್ಟಿಗೇ ಬರುವುದನ್ನು ನೋಡಿ ಜೆರಾಲ್ಡ್ ರೀವನ್ ಅನ್ನುವ ವೈದ್ಯರು 1988ರಲ್ಲೇ ಅದಕ್ಕೆ 'ಸಿಂಡ್ರೋಮ್ ಎಕ್ಸ್' ಅಂತ ಹೆಸರಿಟ್ಟಿದ್ದರು. ಅಂದರೆ ನಿಮ್ಮ ರಿಪೋರ್ಟಿನಲ್ಲಿ ಶುಗರ್ ಕಾಣುವ ಹೊತ್ತಿಗೆ ರಕ್ತನಾಳಕ್ಕೆ ಏಟು ಬಿದ್ದು ಬಹಳ ದಿನ ಆಗಿರಬಹುದು. ಈಗ ಶುಗರ್ ಒಂದನ್ನೇ ಇಳಿಸಿದರೆ ಉಳಿದವು ತಾವಾಗಿಯೇ ಸರಿಹೋಗುವುದಿಲ್ಲ, ಅಲ್ವಾ?

ಎದೆನೋವು ಇಲ್ಲ ಅನ್ನುವ ಧೈರ್ಯವಂತೂ ಬೇಡವೇ ಬೇಡ. ಬಹಳ ವರ್ಷದ ಶುಗರ್ ನರಗಳನ್ನು ಮಂದ ಮಾಡಿರುತ್ತದೆ, ಹಾಗಾಗಿ ಹಾರ್ಟ್ ಅಟ್ಯಾಕ್ ನೋವೇ ಇಲ್ಲದೆ ಬರಬಹುದು. ಬರೀ ಸುಸ್ತು, ಬೆವರು, ಏದುಸಿರು. ಇಂಥವರನ್ನು ನೋಡಿ ನೋಡಿಯೇ ನಾನು ಇಷ್ಟು ಗಟ್ಟಿಯಾಗಿ ಹೇಳುತ್ತಿರುವುದು.

ಇನ್ನು ಸ್ಟ್ಯಾಟಿನ್, ಅಂದರೆ ನಿಮ್ಮ ಕೊಲೆಸ್ಟ್ರಾಲ್ ಮಾತ್ರೆ. ಅದರಿಂದ ಶುಗರ್ ಏರುವುದು ನಿಜ, ಆದರೆ ಬಹಳ ಸ್ವಲ್ಪ. ಮಾತ್ರೆ ತಪ್ಪಿಸುವ ಹಾರ್ಟ್ ಅಟ್ಯಾಕ್, ಪಾರ್ಶ್ವವಾಯುವಿನ ಮುಂದೆ ಈ ಏರಿಕೆ ಲೆಕ್ಕಕ್ಕೇ ಇಲ್ಲ. ಮಾತ್ರೆ ಶುರು ಮಾಡಿದ ಮೇಲೆ ಮೈಕೈ ನೋವು ಬಂದರೆ ಬರೆದುಕೊಟ್ಟವರಿಗೇ ಹೇಳಿ, ಡೋಸ್ ಇಳಿಸಬಹುದು, ಮಾತ್ರೆ ಬದಲಿಸಬಹುದು. ಸುಮ್ನೆ ನೀವೇ ನಿಲ್ಲಿಸಬೇಡಿ.

ಪ್ರಶ್ನೆ: ಶುಗರ್, ಹಾರ್ಟ್ ಎರಡನ್ನೂ ಬುಡಸಮೇತ ಕೀಳುವ ಪುಡಿ ಇದೆಯಂತೆ, ಹೌದಾ?

ಇಲ್ಲ. ಅದನ್ನು ಮಾರುವವನು ನಿಮ್ಮ ಮಾತ್ರೆ ಬಿಡಿಸಿದರೆ ನೇರವಾಗಿ ನಿಮ್ಮ ಜೀವಕ್ಕೇ ಕೈ ಹಾಕಿದ ಹಾಗೆ.

ಪ್ರಶ್ನೆ: ದಿನಕ್ಕೆ ಎರಡೇ ಸಿಗರೇಟು ಸೇದುತ್ತೇನೆ. ಅದಕ್ಕೂ ಶುಗರ್‌ಗೂ ಏನು ಸಂಬಂಧ?

ಸಂಬಂಧ ಇದೆ. ಸೇದುವವರಿಗೆ ಟೈಪ್ 2 ಮಧುಮೇಹ ಬರುವ ಅಪಾಯ ಶೇ 30ರಿಂದ 40ರಷ್ಟು ಜಾಸ್ತಿ. ಎರಡನ್ನೂ ಬಿಡಿ.

ಪ್ರಶ್ನೆ: ತೂಕ ಸರಿಯಾಗಿಯೇ ಇದೆ, ಹೊಟ್ಟೆ ಮಾತ್ರ ಸ್ವಲ್ಪ ಮುಂದಿದೆ.

ತಕ್ಕಡಿ ಬಿಟ್ಟು ಟೇಪು ಹಿಡಿಯಿರಿ. ಸೊಂಟದ ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು.

ಪ್ರಶ್ನೆ: ಬಸಿರಿನಲ್ಲಿ ಬಂದ ಶುಗರ್ ಹೆರಿಗೆ ಆದ ಮೇಲೆ ಹೋಯಿತು. ಇನ್ನು ಮರೆಯಬಹುದಾ?

ಮರೆಯಬೇಡಿ. ಮುಂದೆ ಮಧುಮೇಹ, ಹೃದ್ರೋಗ ಎರಡರ ಅಪಾಯವೂ ನಿಮಗೆ ಹೆಚ್ಚು. ಹೆರಿಗೆಯಾಗಿ 12 ವಾರದೊಳಗೆ ಒಂದು ಪರೀಕ್ಷೆ ಆಗಲೇಬೇಕು. ಅದು ನಾರ್ಮಲ್ ಬಂದರೂ ಒಂದರಿಂದ ಮೂರು ವರ್ಷಕ್ಕೊಮ್ಮೆ ಮತ್ತೆ ಮಾಡಿಸಿ. ಮಗುವಿನ ಕೆಲಸದಲ್ಲಿ ತಾಯಂದಿರು ಮೊದಲು ಬಿಡುವುದೇ ಇದನ್ನು, ಹಾಗಾಗಿ ಮನೆಯವರು ಯಾರಾದರೂ ತಾರೀಖು ಬರೆದಿಟ್ಟುಕೊಳ್ಳಿ.